ಹೊಳೆಯೊಳಗೆ ನಾವೇ ನೆಟ್ಟ ಬಾವುಟ

ಮೊನ್ನೆ ನಮ್ಮ ಎದುರು ಮನೆಯವರು ಮಾಳಿಗೆ ಮೇಲೆ ಇನ್ನೊಂದು ಖೋಲಿ ಏರಿಸಲಿಕ್ಕೆ ಉಸುಕು ತರಿಸಿದರು. ಗಜೇಂದ್ರಗಡದಲ್ಲಿ ಈಗ ಯಾರು ಮನೆ ಕಟ್ಟಿದರೂ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡೇ ಬರುತ್ತದೆ. ಅದಕ್ಕೆ ಬಣ್ಣ ಒಂದು ಇರುತ್ತದೆಯೇ ಹೊರತು ವಾಸನೆ ಇರುವುದಿಲ್ಲ. ಇದು ಹಾಗಿರಲಿಲ್ಲ. ಟ್ರ್ಯಾಕ್ಟರಿನವನು ಟ್ರಾಲಿ ಎತ್ತಿ ಸುರುವಿದ ಕೂಡಲೆ ಗುಡ್ಡೆಯ ಬುಡದಿಂದ ನೀರು ಜಿನುಗಿ ನಮ್ಮ ಕಟ್ಟೆಯ ತನಕ ಹರಿದು ಬಂತು. ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತ ಕೂತಿದ್ದೆ. ತಣ್ಣನೆಯ, ಹಸಿಹಸಿ ವಾಸನೆ. ಸ್ವಲ್ಪ ಪಾಚಿ, ಸ್ವಲ್ಪ ಮೀನು. ಕೈಯೊಳಗಿನ ರಂಗೋಲಿ ಪುಡಿ ಕೈಯೊಳಗೇ ಉಳಿಯಿತು.

"ಹೊಳಿ ಉಸುಕು ಸಿಕ್ಕತೇನೋ ತಮ್ಮಾ?" ಅಂದೆ.

"ಕೇಳೂ ಹಂಗ ಕೇಳಿದ್ರ ಎಲ್ಲಾ ಸಿಗತೈತ್ರಿ ಅಕ್ಕೋರ," ಅಂತ ಅವನು ನಕ್ಕ.

ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನಾನು ಎದ್ದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡೆ. ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿ ದಾಟಿ ಬೇಸಿಗೆಯ ತನಕ ನಾನು ಆ ವಾಸನೆಯೊಳಗೇ ಇದ್ದೆ. ಆ ವರ್ಷದ ಮಾತನ್ನು ನಾನು ಯಾರ ಮುಂದೂ ಪೂರಾ ಹೇಳಿಲ್ಲ.

ಆ ವರ್ಷ ದೀಪಾವಳಿ ಮುಗಿದ ವಾರದಲ್ಲೇ ನನಗೆ ರೋಣದ ಆಚೆ, ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿನ ಸಾಲಿಗೆ ಟೀಚರಾಗಿ ವರ್ಗವಾಯಿತು. ನಮ್ಮವರು ಗಜೇಂದ್ರಗಡದಲ್ಲಿ ಮಗ್ಗದ ಸೀರೆಗಳ ಅಂಗಡಿ ನೋಡಿಕೊಂಡು ಅಲ್ಲೇ ಉಳಿದರು. ನಾನು ಸೋಮವಾರ ನಸುಕಿನ ಬಸ್ಸಿಗೆ ಹೋಗಿ ಶನಿವಾರ ಮಧ್ಯಾಹ್ನ ತಿರುಗಿ ಬರುವುದು ಅಂತ ಆಯಿತು. ಹೊಳೆ ದಂಡೆಯ ಊರು ಅಂದಾಗ ನನಗೆ ಒಳಗೊಳಗೆ ಹಿಗ್ಗು. ನಮ್ಮದು ಗುಡ್ಡದ ಬುಡದ ಊರು, ನೀರಿಗೆ ಕೊಡಪಾನ ಪಾಳಿ ಹಚ್ಚಿ ಬೆಳೆದವರು ನಾವು. ದಿನಾ ಹೊಳೆ ನೋಡಬಹುದಲ್ಲ ಅಂತ ಹೋದೆ.

ಹೋಗಿ ನೋಡಿದರೆ ಹೊಳೆ ಎಲ್ಲಿತ್ತು? ಎರಡೂ ಕಡೆ ಹೊಲದವರು ದಂಡೆಯನ್ನು ಒಳಒಳಗೆ ತಳ್ಳಿ ಗೋವಿನಜೋಳ, ಕಬ್ಬು ಹಚ್ಚಿದ್ದರು. ಉಳಿದಲ್ಲಿ ಜಾಲಿ ಕಂಟಿ. ಪಂಪಿನ ಪೈಪುಗಳು ಹಾವಿನ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ನಡುವೆ ಒಂದು ಬಿಳೀ ಉಸುಕಿನ ದಾರಿ, ಅದರ ಅಂಚಿಗೆ ದಾರದಷ್ಟು ನೀರು. ಮೇಲೆ ಡ್ಯಾಮಿನಿಂದ ಬಿಟ್ಟ ನೀರು ಕಾಲುವೆ ಹಿಡಿದು ನರಗುಂದದ ಕಡೆ ಹೋಗುತ್ತದೆ. ಅಲ್ಲಿಯವರು ನಮಗೆ ಸಾಲುವುದಿಲ್ಲ ಅನ್ನುತ್ತಾರೆ, ಇಲ್ಲಿಯವರು ನಮಗೆ ಉಳಿಯುವುದಿಲ್ಲ ಅನ್ನುತ್ತಾರೆ. ಇಬ್ಬರ ಮಾತೂ ಖರೇ. ಮೇಲಾಗಿ ಆ ವರ್ಷ ಮುಂಗಾರಿನ ಮಿರಗದ ಮಳೆ ಬರಲಿಲ್ಲ, ಹುಬ್ಬಿ ಮಳೆ ಬರಲಿಲ್ಲ. ಉತ್ತರಿ ಬಂದಂತೆ ಮಾಡಿ ಹೋಯಿತು. ಶಿವರಾತ್ರಿ ತನಕ ಹರಿಯುವ ಹೊಳೆ ಕಾರ್ತಿಕದಲ್ಲೇ ನಿಂತಿತ್ತು.

ನನಗೆ ಇರಲಿಕ್ಕೆ ಖೋಲಿ ಕೊಟ್ಟವಳು ಗೌರವ್ವ. ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ, ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ನಾಲ್ಕು ಎಮ್ಮೆ. ಮನೆಯೊಳಗೆ ಕಾಲಿಡಲಿಕ್ಕೆ ಜಾಗವಿಲ್ಲದಷ್ಟು ಮಂದಿ. ಸೋದರಮಾವನನ್ನೇ ಮದುವೆಯಾದವಳಾದ್ದರಿಂದ ಅವಳ ತವರುಮನೆಯೂ ಗಂಡನ ಮನೆಯೂ ಒಂದೇ ಓಣಿ. ತವರುಮನೆಯಲ್ಲಿ ಅವಳ ತಮ್ಮ ಈರಪ್ಪ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷವಂತೆ, ಇವಳೇ ಟೊಂಕದ ಮೇಲೆ ಹೊತ್ತು ಬೆಳೆಸಿದ್ದಳು. ಈಗ ಅವನು ಪಂಚಾಯ್ತಿ ಮೆಂಬರ್. ಬಿಳೀ ಅಂಗಿ, ನಗುಮುಖ, ಯಾರ ಮನೆಯಲ್ಲಿ ಏನೇ ಅಡಚಣೆ ಬಂದರೂ ಮೊದಲು ಓಡಿ ಬರುವವನು. ದಿನಾ ಮುಂಜಾನೆ ಅಕ್ಕನ ಮನೆಗೆ ಬಂದು ಬಿಸಿ ರೊಟ್ಟಿ ತಿನ್ನದೆ ಅವನಿಗೆ ಹೊತ್ತು ಏರುತ್ತಿರಲಿಲ್ಲ.

ಸಾಲಿಯಲ್ಲಿ ಬಿಸಿಊಟದ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ಮೊದಲನೇ ದಿನವೇ ಗೊತ್ತಾಯಿತು, ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಎರಡು ತಾಸು ಕುದಿಸಿದರೂ ತೊಗರಿಬೇಳೆ ಹರಳಿನ ಹಾಗೆ ಕಟಕಟ ಅನ್ನುತ್ತಿತ್ತು. ಅಷ್ಟು ಸವಳು ನೀರು. ಕುಡಿದು ಕುಡಿದು ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಗೆರೆ. ಬಸ್ ನಿಲ್ದಾಣದ ಹತ್ತಿರ ಶುದ್ಧ ನೀರಿನ ಘಟಕ ಅಂತ ಒಂದು ನೀಲಿ ಡಬ್ಬಿ ಇತ್ತು. ಅದರೊಳಗೆ ಗುಬ್ಬಿ ಗೂಡು ಕಟ್ಟಿದ್ದವು.

"ಹೊಳಿ ನೀರು ತರಸ್ರಿ ಅಕ್ಕೋರ," ಅಂದಳು ಅಡಿಗೆ ಮಾಡುವ ಶಾಂತವ್ವ. ಅಸೂಟಿಯಿಂದ ಈ ಊರಿಗೆ ಬಂದ ಸೊಸೆ, ಬಾಯಿ ಭಾಳ ಜೋರು. "ಹೊಳಿ ನೀರಾಗ ಹಾಕಿದ್ರ ಕಲ್ಲೂ ಬೇಯ್ತಾವ. ನಮ್ಮ ಅತ್ತೀ ಮನಸಿನಂಥಾವು ಆದ್ರೂ ಬೇಯ್ತಾವ."

"ಹೊಳಿಯೊಳಗ ನೀರ ಎಲ್ಲೈತಿ ಶಾಂತವ್ವಾ?"

"ಮ್ಯಾಲ ನೋಡಬ್ಯಾಡ್ರಿ. ಕೆಳಗ ನೋಡ್ರಿ."

ಹೀಗೆ ನನಗೆ ವರ್ತಿ ಅನ್ನುವುದು ಗೊತ್ತಾಯಿತು. ಹೊಳೆ ಬತ್ತಿದ ಮೇಲೆ ಉಸುಕಿನೊಳಗೆ ಮೊಳಕಾಲುದ್ದ, ಟೊಂಕದುದ್ದ ಗುಂಡಿ ತೋಡಿದರೆ ಬುಡದಲ್ಲಿ ನೀರು ಒಸರಿ ನಿಲ್ಲುತ್ತದೆ. ಅದನ್ನು ತೆಂಗಿನ ಪರಟೆಯಿಂದ ಮೆಲ್ಲಗೆ ತೋಡಿ ಕೊಡ ತುಂಬಿಕೊಳ್ಳುವುದು. ಅದಕ್ಕೂ ರೀತಿ ರಿವಾಜು ಇದ್ದವು. ಚಪ್ಪಲಿ ದಂಡೆಯ ಮೇಲೆ ಬಿಡಬೇಕು. ಅದರ ಹತ್ತಿರ ಬಟ್ಟೆ ಒಗೆಯುವ ಹಾಗಿಲ್ಲ, ದನ ಇಳಿಸುವ ಹಾಗಿಲ್ಲ. ಮೊದಲನೇ ಕೊಡ ಬಾಣಂತಿ ಇರುವ ಮನೆಗೆ ಹೋಗಬೇಕು. ಒಂದು ಓಣಿಯ ವರ್ತಿಯ ಮೇಲ್ಗಡೆ ಇನ್ನೊಂದು ಓಣಿಯವರು ತೋಡಬಾರದು. ಪಂಪು ಹಚ್ಚುವ ಮಾತಂತೂ ಇಲ್ಲವೇ ಇಲ್ಲ. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಯಾರೂ ಮುರಿದೂ ಇರಲಿಲ್ಲ.

ಗೌರವ್ವನ ವರ್ತಿ ಮಾತ್ರ ಎಲ್ಲರದಕ್ಕಿಂತ ಬೇರೆ. ಬೇರೆಯವರವು ಯುಗಾದಿ ಹೊತ್ತಿಗೆ ಒಣಗಿದರೆ ಅವಳದು ಮಿರಗದ ತನಕ ಒಸರುತ್ತಿತ್ತು. ಒಂದು ದಿನ ಕೊಡ ಹಿಡಿದು ಅವಳ ಹಿಂದೆ ಹೋದೆ. ಆ ವೇಳೆಗೆ ನಾನು ಅವಳ ಬಾಯಲ್ಲಿ ಸಾಲಿಯ ಅಕ್ಕೋರ ಹೋಗಿ, ಮಗಳ ಹಾಗೆ ಯವ್ವಾ ಆಗಿದ್ದೆ. ಅವಳ ಸಣ್ಣ ಸೊಸೆಯ ಬಾಣಂತನದಲ್ಲಿ ಒಂದು ವಾರ ರಜೆ ಹಾಕಿ ಕೂಸಿಗೆ ಎರೆದಿದ್ದೆನಲ್ಲ, ಅಂದಿನಿಂದ.

ಉಸುಕಿನ ನಡುವೆ ನಿಲ್ಲಿಸಿ, ನನ್ನ ಎರಡೂ ಭುಜ ಹಿಡಿದು ತಿರುಗಿಸಿದಳು.

"ಹನಮಪ್ಪನ ಗುಡಿ ಶಿಖರ ಕಾಣತೈತಿ?"

"ಹೂಂ."

"ಅದರ ಮುಂದ ಹುಣಸೀಗಿಡ ಬರಬೇಕು. ಬಂತಿಲ್ಲೋ? ಈಗ ಹಿಂದ ಮುಖಾ ಮಾಡು. ಆಚೀ ದಂಡಿ ಒಡ್ಡಿನ ಮ್ಯಾಲ ಕರೀ ಬಂಡಿಗಲ್ಲು. ಈ ಎರಡೂ ಗೆರಿ ನಿನ್ನ ಕಾಲಬುಡಕ ಕೂಡ್ತಾವ. ನೀ ನಿಂತದ್ದು ಮಡುವಿನ ಮ್ಯಾಲ ನೋಡು."

ಅವಳ ಅತ್ತೆಯ ಕಾಲಕ್ಕೆ ಅದು ತೆರೆದ ಮಡುವಂತೆ. ಈಸುವವರೂ ಅಂಜುವಷ್ಟು ಆಳ. ಯಾವುದೋ ಒಂದು ವರ್ಷ ಹೊಳೆ ಉಕ್ಕಿ ಬಂದಾಗ ಉಸುಕು ತುಂಬಿಕೊಂಡು ಸಪಾಟಾಯಿತಂತೆ. ಮೇಲೆ ಏನೂ ಗುರುತಿಲ್ಲ. ಕೆಳಗೆ ಎರಡು ಆಳುದ್ದ ಉಸುಕು, ಉಸುಕಿನ ತುಂಬ ನೀರು.

"ಉಸುಕು ಅಂದ್ರ ನೀರಿನ ಕೌದಿ ಯವ್ವಾ," ಅಂದಳು. "ಹೊಚಗೊಂಡು ಮಲಗಿರತೈತಿ. ಬಿಸಲಿನ ಕಣ್ಣಿಗೆ ಬೀಳೂದಿಲ್ಲ. ಮದಲೆಲ್ಲಾ ಮಳಿ ಸಣ್ಣಗ ಬರತಿತ್ತು, ಮನೀಗೆ ಬಂದ ಬೀಗರಂಗ ಕುಂತು ಉಂಡು ಹೋಗತಿತ್ತು. ಈಗ ಬಂದ್ರ ಬಾಗಲಾ ಒದ್ದು ಬರತೈತಿ, ಇಲ್ಲಾಂದ್ರ ಬರೂದ ಇಲ್ಲ. ಅದಕ್ಕ ಇದನ್ನ ಜ್ವಾಕಿ ಮಾಡಬೇಕು. ಈ ಜಾಗಾ ನಾನು ಬೀಗರಿಗೂ ತೋರಿಸಿಲ್ಲ."

ನನಗೆ ತೋರಿಸಿದಳು. ನಾನು ಅದನ್ನು ಮೂರು ತಿಂಗಳೂ ಇಟ್ಟುಕೊಳ್ಳಲಿಲ್ಲ.

ಕೆಟ್ಟದ್ದು ಮಾಡಬೇಕು ಅಂತಲ್ಲ. ಎಪ್ಪತ್ತು ಮಕ್ಕಳ ಅಡಿಗೆಗೆ ದಿನಾ ಹನ್ನೆರಡು ಕೊಡ ಹೊತ್ತು ತರಬೇಕಾಗಿತ್ತು; ಶಾಂತವ್ವನ ಕುತ್ತಿಗೆ ಬಿದ್ದೇ ಹೋಗುತ್ತಿತ್ತು. ಇಷ್ಟು ನೀರು ಕಾಲ ಕೆಳಗೆ ಇಟ್ಟುಕೊಂಡು ಹೀಗೆ ಪರಟೆಯಲ್ಲಿ ತೋಡುವುದೇ, ಅಲ್ಲೊಂದು ಜಾಕ್‌ವೆಲ್ ಅನ್ನುವ ನೀರೆತ್ತುವ ಬಾವಿ ಕಟ್ಟಿಸಿ ಪೈಪು ಹಾಕಿಸಿದರೆ ಊರಿಗೆ ಊರೇ ಸಿಹಿನೀರು ಕುಡಿಯುತ್ತದಲ್ಲ ಅಂತ ನನ್ನ ತಲೆಯೊಳಗೆ ಹೊಕ್ಕಿತು. ರೊಟ್ಟಿ ತಿನ್ನುತ್ತ ಕೂತಿದ್ದ ಈರಪ್ಪನ ಮುಂದೆ ಆಡಿದೆ.

"ಭಾಳ ಚಲೋ ವಿಚಾರ ಅಕ್ಕೋರ," ಅಂದ. "ನೀವು ಒಂದು ಅರ್ಜಿ ಬರದ ಕೊಡ್ರಿ, ಹೆಣ್ಣಮಕ್ಕಳ ಸಹಿ ಹಾಕಸ್ರಿ. ನಾ ರೋಣಕ್ಕ ಮುಟ್ಟಸ್ತೀನಿ. ಗಂಡಸೂರ ಸಹಿಗೆ ಅಲ್ಲಿ ಕಿಮ್ಮತ್ತಿಲ್ಲ, ಹೆಣ್ಣಮಕ್ಕಳದಾದ್ರ ಲಗೂ ಆಗತೈತಿ."

ನನ್ನ ಅಕ್ಷರ ಚಲೋ ಅಂತ ಎಲ್ಲರೂ ಅನ್ನುವವರೇ. ಗೆರೆ ಹಾಕಿದ ಹಾಳೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದೆ: ಈ ಸ್ಥಳದಲ್ಲಿ ಉಸುಕು ಬಹಳ ಆಳವಾಗಿ ಸೇರಿಕೊಂಡಿದ್ದು, ದಯಮಾಡಿ ಸದರಿ ಉಸುಕನ್ನು ತೆಗೆಸಿ ಜಾಕ್‌ವೆಲ್ ನಿರ್ಮಿಸಿ ನಮಗೆ ಕುಡಿಯುವ ನೀರು ಒದಗಿಸಬೇಕು. ಕೆಳಗೆ ನಕ್ಷೆ. ಗುಡಿ, ಹುಣಸೀಗಿಡ, ಬಂಡಿಗಲ್ಲು, ಎರಡು ಗೆರೆ, ಗೆರೆ ಕೂಡಿದಲ್ಲಿ ಒಂದು ಕೆಂಪು ಚುಕ್ಕಿ.

ಗೌರವ್ವ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಹಾಳೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. "ಜಾಗಾ ಬರದಿಯೇನು?"

"ಬರೀದಿದ್ರ ಅವರು ಎಲ್ಲಿ ಕಟ್ಟಬೇಕು ಯವ್ವಾ?"

"ಹೌದಲ್ಲ," ಅಂದು ಒತ್ತಿದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಒತ್ತಿದರು, ಬರೆದರು.

ಸಂಕ್ರಾಂತಿ ಆದ ಮೇಲೆ ಈರಪ್ಪ ಒಬ್ಬನನ್ನು ಕರೆದುಕೊಂಡು ಬಂದ. ಕುಡಿಯುವ ನೀರಿನ ಸರ್ವೇ ಸಾಹೇಬರು ಅಂದ. ಮೂವತ್ತರ ಆಸುಪಾಸಿನ, ಮಾತಿನಲ್ಲಿ ಬೆಣ್ಣೆಯಂಥ ಮನುಷ್ಯ. ಎಲ್ಲರಿಗೂ ಕೈಮುಗಿದು ಅವ್ವಾರ, ತಾಯಾರ ಅನ್ನುತ್ತಿದ್ದ. ಅವನ ಹತ್ತಿರ ಒಂದಕ್ಕೊಂದು ತಿರುವಿ ಜೋಡಿಸುವ ಕಬ್ಬಿಣದ ಸಲಾಕೆಗಳಿದ್ದವು. ಅವನ್ನು ಹೊರಲಿಕ್ಕೆ ಆಳು ಬೇಕು ಅಂದಾಗ ಹೆಂಗಸರು ನಾ ಮುಂದೆ ತಾ ಮುಂದೆ ಅಂತ ಇಳಿದರು. ನಮ್ಮ ನೀರಿನ ಕೆಲಸಕ್ಕೆ ನಾವೇ ಆಗದಿದ್ದರೆ ಹೇಗೆ? ನಾನು ಸಾಲಿಗೆ ಮಧ್ಯಾಹ್ನದ ಸೂಟಿ ಕೊಟ್ಟೆ.

ಆ ದಿನದ ಸಂಭ್ರಮ ಇವತ್ತಿಗೂ ಕಣ್ಣ ಮುಂದೆ ಇದೆ. ಇಬ್ಬರು ಹಿಡಿದುಕೊಳ್ಳುವುದು, ಒಬ್ಬಳು ಹೊಡೆಯುವುದು. ಸಲಾಕೆ ಉಸುಕಿನೊಳಗೆ ಮೆತ್ತಗೆ ಇಳಿಯುತ್ತ ಹೋಗುವುದು. "ಇನ್ನೂ ಹೊಂಟೈತ್ರಿ, ಇನ್ನೂ ಹೊಂಟೈತಿ!" ಅಂತ ಹುಡುಗಿಯರ ಹಾಗೆ ಕೂಗುವುದು. ಆಳ ಹೋದಲ್ಲೆಲ್ಲ ಗುರುತಿಗೆ ಒಂದು ಜಾಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು ಅಂದ ಸಾಹೇಬ. ಅವನ ಹತ್ತಿರದ ಬಟ್ಟೆ ತೀರಿತು. ಶಾಂತವ್ವ ಮನೆಗೆ ಓಡಿ ತನ್ನ ಹಳೇ ಕೆಂಪು ಕುಬಸ ತಂದು ಪರ್ ಅಂತ ಹರಿದಳು.

"ನೋಡ್ರಿ ಸಾಹೇಬ್ರ, ಮದವಿ ಕುಬಸ. ನಳಾ ಬಂದ ದಿನ ನೀವ ಹೊಸಾದು ಕೊಡಸಬೇಕು."

"ಸೀರೀನ ಕೊಡಸ್ತೀನ್ರಿ ಅವ್ವಾರ," ಅಂದ ಅವನು. ಎಲ್ಲರೂ ನಕ್ಕರು.

ಹೊತ್ತು ಇಳಿಯುವ ಹೊತ್ತಿಗೆ ಹೊಳೆಯ ತುಂಬ ಕೆಂಪು ಬಾವುಟ. ಅವನು ಒಂದೊಂದರ ಮುಂದೆಯೂ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಗೌರವ್ವನ ಪಡಸಾಲೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರು ಉಂಡು, ಕೈಮುಗಿದು ಹೋದ.

ಪಾತ್ರೆ ಎತ್ತುತ್ತ ಗೌರವ್ವ ಅಂದಳು, "ನೀರು ನೋಡಾಕ ಬಂದಾಂವ ವರ್ತಿ ನೀರು ಬಾಯಿಗೆ ಹಚ್ಚಲಿಲ್ಲ ನೋಡು. ತನ್ನ ಚೀಲದಾಗಿನ ಬಾಟಲಿ ತಗದು ಕುಡದಾ."

"ಪ್ಯಾಟಿ ಮಂದಿ, ಹೊಟ್ಟಿ ಕೆಡತೈತಿ ಅಂತ ಅಂಜತಾರ ಯವ್ವಾ," ಅಂದೆ ನಾನು. ಅವಳಿಗೆ ಕಂಡದ್ದನ್ನು ನಾನು ನಕ್ಕು ಹಾರಿಸಿಬಿಟ್ಟೆ.

ಶಿವರಾತ್ರಿ ಮುಗಿದು ನಾಲ್ಕು ದಿನಕ್ಕೆ, ಸಾಲಿಯಲ್ಲಿ ಪ್ರಾರ್ಥನೆ ನಡೆದಾಗ, ಹೊಳೆಯ ಕಡೆಯಿಂದ ಗರ್ ಅಂತ ಸಪ್ಪಳ. ಜಾಕ್‌ವೆಲ್ ಕೆಲಸ ಹಚ್ಚಿದರು ಅಂತ ಮಕ್ಕಳಿಂದ ಚಪ್ಪಾಳೆ ಹೊಡೆಸಿದೆ. ಹೌದು, ನಾನೇ ಹೊಡೆಸಿದೆ. ಆಮೇಲೆ ಓಡಿ ಹೋಗಿ ನೋಡಿದರೆ ಎರಡು ದೊಡ್ಡ ಯಂತ್ರ, ಹಿಂದೆ ಟಿಪ್ಪರುಗಳ ಸಾಲು. ದಂಡೆಗೆ ಒಂದು ಹಲಗೆ ನಿಲ್ಲಿಸಿದ್ದರು, ಹೂಳೆತ್ತುವ ಕಾಮಗಾರಿ ಅಂತ. ಯಂತ್ರದವರಿಗೆ ಯಾರೂ ಜಾಗ ತೋರಿಸುವ ಕೆಲಸವಿರಲಿಲ್ಲ. ಬಾವುಟದಿಂದ ಬಾವುಟಕ್ಕೆ ಹೋಗುತ್ತಿದ್ದವು. ಒಂದನ್ನು ಎತ್ತಿದಾಗ ಬಕೆಟಿನ ಹಲ್ಲಿಗೆ ಶಾಂತವ್ವನ ಕುಬಸದ ತುಂಡು ಸಿಕ್ಕಿ ಪಟಪಟ ಅನ್ನುತ್ತಿತ್ತು.

ಐದನೇ ದಿನ ಉಸುಕು ತುಂಬಿದ ಊರವರ ಟ್ರ್ಯಾಕ್ಟರುಗಳೂ ಟಿಪ್ಪರುಗಳ ಹಿಂದೆ ಸೇರಿಕೊಂಡವು. ಮೂರನೆಯದು ಈರಪ್ಪನದು. ಗೌರವ್ವ ದಾರಿಯ ನಡುವೆ ಹೋಗಿ ನಿಂತಳು. ಅವನು ಕೆಳಗಿಳಿದ.

"ಯಕ್ಕಾ, ಬಾಜೂ ಸರಿ."

"ನೀ ಕುಡದು ಬೆಳದ ನೀರೋ ಈರ್ಯಾ ಅದು. ಪರಟೀಲೆ ಕುಡಿಸೇನಿ ನಿನಗ."

"ನನಗೂ ಜಾಕ್‌ವೆಲ್ ಅಂತನ ಹೇಳಿದ್ರವ್ವಾ. ಆಮ್ಯಾಲ ಹಿಂಗಾತು. ಊರ ಮಂದಿ ಎಲ್ಲಾ ಉಸುಕು ಹೊಡ್ಯಾಕ ಹತ್ಯಾರ, ನಾ ಒಬ್ಬಾಂವ ಕೈ ಕಟಗೊಂಡು ಕುಂತ್ರ ಹೊಳಿ ಉಳೀತೈತೇನು?"

"ನೀ ಒಬ್ಬಾಂವ ಕುಂತಿದ್ರ ನೀನರ ಉಳೀತಿದ್ದಿ."

ಅವನು ಮತ್ತೆ ಟ್ರ್ಯಾಕ್ಟರ್ ಏರಿದ. ಹೊಲದ ಬದುವಿನ ಮೇಲೆ ಗಾಲಿ ಹತ್ತಿಸಿ, ಅಕ್ಕನನ್ನು ಸುತ್ತು ಹಾಕಿ ಹೋದ.

ಮರುದಿನ ನಾವು ಹನ್ನೊಂದು ಮಂದಿ ರೋಣದ ಕಚೇರಿಗೆ ಹೋದೆವು. ನಾನು ದಾರಿಯುದ್ದಕ್ಕೂ ಬಸ್ಸಿನೊಳಗೆ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿಯ ಸಾಹೇಬರು ಎಲ್ಲ ಕೇಳಿಸಿಕೊಂಡು, ಒಂದು ಫೈಲು ತರಿಸಿ, ನನ್ನ ಕಡೆಗೆ ತಿರುಗಿಸಿ ಇಟ್ಟರು.

"ಈ ಅಕ್ಷರ ಯಾರದು ಮೇಡಂ?"

ನನ್ನದು. ಮುತ್ತು ಪೋಣಿಸಿದ ಹಾಗೆ ಇತ್ತು.

"ಉಸುಕು ತಗಸ್ರಿ ಅಂತ ನೀವ ಕೇಳೀರಿ. ಇಷ್ಟು ಮಂದಿ ಸಹಿ ಮಾಡೀರಿ. ತಗ್ಯಾಕ ಹತ್ತೇವಿ. ಜಾಕ್‌ವೆಲ್ಲಿಂದು ಬ್ಯಾರೆ ಇಲಾಖೆ ನೋಡ್ರಿ, ಅದಕ್ಕಿನ್ನೂ ಮಂಜೂರಾತಿ ಬಂದಿಲ್ಲ. ಬಂದಾಗ ಮಾಡ್ತಾರ. ಅರ್ಧಾ ಕೆಲಸ ಆತಲ್ಲ?"

ಶಾಂತವ್ವನೇ ಕೇಳಿದಳು, "ಕುಡಿಯೂ ನೀರಿನ ಜಾಗಾದಾಗ ಹ್ಯಾಂಗ ತಗೀತೀರ್ರಿ? ಕಾಯ್ದೆ ಇಲ್ಲೇನು?"

"ಕಾಯ್ದೆ ಐತೆವ್ವಾ. ಅದಕ್ಕ ಪಂಚಾಯ್ತಿ ಕಡಿಂದ ಪತ್ರ ತಗೊಂಡೇವಿ," ಅಂತ ಅವರು ಇನ್ನೊಂದು ಹಾಳೆ ಹೊರಳಿಸಿದರು.

ಗೌರವ್ವ ಮೇಜಿನ ಹತ್ತಿರ ಬಂದಳು. "ಏನು ಬರದೈತಿ ಓದಲ್ಲ ಯವ್ವಾ."

ನಾನು ಮನಸಿನಲ್ಲಿ ಓದಿಕೊಂಡೆ.

"ಓದು."

ಓದಿದೆ. ಸದರಿ ಸ್ಥಳವನ್ನು ಖುದ್ದಾಗಿ ಪರಿಶೀಲಿಸಲಾಗಿ, ಅಲ್ಲಿ ಕುಡಿಯುವ ನೀರಿನ ಯಾವುದೇ ಮೂಲ ಇರುವುದಿಲ್ಲ ಎಂದು ದೃಢೀಕರಿಸುತ್ತೇನೆ. ಕೆಳಗೆ ಈರಪ್ಪನ ಸಹಿ. ಮೇಲೆ ತಾರೀಖು ನೋಡಿದೆ. ಸರ್ವೇ ಸಾಹೇಬ ಬರುವುದಕ್ಕಿಂತ ನಾಲ್ಕು ದಿನ ಮೊದಲಿನದು.

ಗೌರವ್ವ ಆ ಸಹಿಯ ಮೇಲೆ ಬೆರಳಿಟ್ಟಳು. "ಇದು ಅವನ ಹೆಸರೇನು?" ಅಂದಳು. ಹೌದು ಅಂದೆ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಸೆರಗಿನಿಂದ ಆ ಜಾಗ ಒರೆಸಿದಳು, ತನ್ನ ಕೈಯ ಹೊಲಸು ಹತ್ತಿತೋ ಏನೋ ಅನ್ನುವ ಹಾಗೆ. ಸಾಹೇಬರಿಗೆ ಕೈಮುಗಿದು ಹೊರಗೆ ನಡೆದಳು.

ಬಸ್ಸಿನಲ್ಲಿ ನಾನು ಅವಳ ಬಾಜೂ ಕೂತಿದ್ದೆ. ಬೈಯಲಿ, ಅತ್ತುಬಿಡಲಿ ಅಂತ ಕಾದೆ. ಊರು ಬಂದಾಗ ಅವಳು ಎದ್ದು, "ಇಳೀರಿ ಅಕ್ಕೋರ, ಊರು ಬಂತು" ಅಂದಳು. ಅಷ್ಟೇ. ಅಂದಿನಿಂದ ನಾನು ಮತ್ತೆ ಅಕ್ಕೋರ ಆದೆ. ಬಿಸಿ ರೊಟ್ಟಿ ಮೊದಲಿನ ಹಾಗೇ ಬರುತ್ತಿತ್ತು, ಬೆಣ್ಣೆಯೂ ಬರುತ್ತಿತ್ತು. ಹಿಂದಿನ ಕಾಲದ ಮಾತು, ಹೊಳೆಯ ಮಾತು, ಸೊಸೆಯಂದಿರ ಮೇಲಿನ ಸಿಟ್ಟಿನ ಮಾತು ಮಾತ್ರ ನಿಂತು ಹೋದವು. ನಾನು ಒಳಗೆ ಬಂದರೆ ಮಾತಾಡುತ್ತಿದ್ದವರು ಸೆರಗು ಸರಿಮಾಡಿಕೊಂಡು ಬೇರೆ ಸುದ್ದಿ ತೆಗೆಯುತ್ತಿದ್ದರು.

ಯುಗಾದಿ ಹೊತ್ತಿಗೆ ಯಂತ್ರಗಳು ಹೋದವು. ಮಡು ಮತ್ತೆ ತೆರೆದ ಮಡುವಾಯಿತು. ಬುಡದಲ್ಲಿ ಒಂದಿಷ್ಟು ನೀರು ಇತ್ತು, ಬಿಸಿಲಿಗೆ ಬಿದ್ದು ಎಂಟು ದಿನದಲ್ಲಿ ಹಸಿರಾಯಿತು, ಹದಿನೈದು ದಿನದಲ್ಲಿ ನಾರಿತು, ತಿಂಗಳೊಳಗೆ ಕರೀ ಮಣ್ಣು ಬಿರಿದು ಕಂಡಿತು. ಸುತ್ತಲಿನ ವರ್ತಿಗಳ ನೀರೂ ಆ ಗುಂಡಿಗೇ ಇಳಿದು ಅವೂ ಬತ್ತಿದವು. ದಂಡೆಯ ಹೊಲದವರ ಬೋರುಗಳು ಗಾಳಿ ಕಾರಿದವು; ಉಸುಕು ಹೊಡೆದವರ ಹೊಲಗಳವೂ ಸೈತ. ನೀರಿನ ಟ್ಯಾಂಕರ್ ಬಂದಾಗ ಬಾಣಂತಿ ಮನೆಗೆ ಮೊದಲು ಅನ್ನುವುದೆಲ್ಲ ಯಾರಿಗೆ ನೆನಪು? ಒಬ್ಬರ ಕೊಡದ ಮೇಲೆ ಒಬ್ಬರು ಕೊಡ ಇಡುತ್ತಿದ್ದರು. ಶಾಂತವ್ವನ ಹಣೆಗೆ ಒಂದು ಸಲ ಕೊಡದ ಕಂಠ ಬಡಿದು ರಕ್ತ ಬಂತು. ಹೊಡೆದವಳು ಅವಳ ಜೊತೆ ಸಲಾಕೆ ಹಿಡಿದು ಕೂಗಿದವಳೇ.

ಮಿರಗ ಬರಲಿಲ್ಲ. ಆದ್ರಿ ಮಳೆ ಬರಲಿಲ್ಲ. ಪಂಚಮಿಗೆ ಈರಪ್ಪ ಅಕ್ಕನನ್ನು ಕರೆಯಲಿಕ್ಕೆ ಬಂದು ಕಟ್ಟೆಯ ಮೇಲೆ ಕೂತ. ಆ ಹಬ್ಬಕ್ಕೆ ತವರಿಗೆ ಹೋಗದ ಹೆಣ್ಣುಮಗಳು ನಮ್ಮ ಕಡೆ ಇಲ್ಲ. ಅವಳದಂತೂ ನಾಲ್ಕು ಮನೆ ದಾಟಿದರೆ ತವರು. ಗೌರವ್ವ ಒಳಗಿನಿಂದಲೇ, "ಎಮ್ಮಿ ಈದೈತಿ, ಬರಾಕಾಗೂದಿಲ್ಲ ಅಂತ ಹೇಳ್ರಿ" ಅಂತ ಮೊಮ್ಮಗಳಿಂದ ಹೇಳಿಸಿದಳು. ಎಮ್ಮೆ ಈದಿರಲಿಲ್ಲ. ಅವನಿಗೂ ಗೊತ್ತಿತ್ತು. ಉಂಡಿಯ ಡಬ್ಬಿ ಕಟ್ಟೆಯ ಮೇಲಿಟ್ಟು ಹೋದ. ಸಂಜೆಗೆ ಅದಕ್ಕೆ ಇರುವೆ ಹತ್ತಿದ್ದವು.

ಆಮೇಲೆ ಉತ್ತರಿಯಲ್ಲಿ ಮಳೆ ಬಂತು. ಬಂತು ಅಂದರೆ, ನಾಲ್ಕು ತಿಂಗಳಿನದು ನಾಲ್ಕು ದಿನದಲ್ಲಿ. ಮೇಲೆ ಡ್ಯಾಮು ತುಂಬಿ ನೀರು ಬಿಟ್ಟರು, ಇತ್ತ ಬೆಣ್ಣಿಹಳ್ಳ ಉಕ್ಕಿತು. ಹರಿಯಲಿಕ್ಕೆ ಹೊಳೆಗೆ ಜಾಗವೆಲ್ಲಿ ಬಿಟ್ಟಿದ್ದೆವು? ಕಬ್ಬು, ಜಾಲಿ, ಒಡ್ಡು ಎಲ್ಲ ಮುರಿದುಕೊಂಡು ಸಾಲಿಯ ಮೆಟ್ಟಿಲ ತನಕ ಬಂತು. ನಾನು ಮಕ್ಕಳನ್ನು ಕರೆದುಕೊಂಡು ಹನುಮಪ್ಪನ ಗುಡಿಯ ಕಟ್ಟೆ ಏರಿ ನಿಂತು ನೋಡಿದೆ. ಕಣ್ಣು ಹಾಯುವ ತನಕ ಕೆಂಪು ನೀರು. ಊರ ಮುದುಕರು ಒಬ್ಬರಿಗೊಬ್ಬರು, "ತಡೀರಿ, ಉಸುಕು ತಂದು ತುಂಬತೈತಿ" ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದರು. ನಾನೂ ದೇವರಿಗೆ ಅದನ್ನೇ ಕೇಳಿಕೊಂಡೆ. ಗೌರವ್ವನ ಕಡೆ ನೋಡಿದೆ. ಅವಳು ನೀರನ್ನೇ ನೋಡುತ್ತಿದ್ದಳು.

ಹೊಳೆ ಪೂರಾ ಇಳಿದು ನಿಂತ ಮೇಲೆ ಹೋಗಿ ನೋಡಿದೆವು. ಮಡುವಿನ ತುಂಬ ಕರೀ ಕೆಸರು. ಗೌರವ್ವ ಮೊಳಕಾಲ ತನಕ ಇಳಿದು, ಒಂದು ಹಿಡಿ ಎತ್ತಿ, ಬೆರಳ ನಡುವೆ ತಿಕ್ಕಿ ನೋಡಿದಳು. ಒಂದು ಹರಳಾದರೂ ಉಸುಕು ಇದೆಯೇನು ಅಂತ. ಕೈ ತೊಳೆದುಕೊಳ್ಳಲಿಕ್ಕೆ ನೀರಿರಲಿಲ್ಲ. ಜೋಳದ ದಂಟಿಗೆ ಒರೆಸಿಕೊಂಡಳು. ಎದೆಮಟ್ಟ ಹರಿದುಹೋದ ಹೊಳೆ ದೀಪಾವಳಿಗೆ ಇಪ್ಪತ್ತು ದಿನ ಇರುವಾಗಲೇ ನಿಂತುಬಿಟ್ಟಿತು.

ಕೆಳಗೆ, ಎರಡು ಹರದಾರಿ ದೂರದ ಊರಿನಲ್ಲಿ ಇನ್ನೂ ವರ್ತಿ ಇವೆ ಅಂತ ಸುದ್ದಿ ಬಂತು. ಅಲ್ಲಿಗೆ ಇನ್ನೂ ಯಂತ್ರ ಮುಟ್ಟಿರಲಿಲ್ಲ. ಆ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಾವು ಎಂಟು ಮಂದಿ ಕೊಡ ಹೊತ್ತು ದಂಡೆ ಹಿಡಿದು ನಡೆದೆವು. ಹಬ್ಬದ ದಿನ ಹಂಡೆಗೆ ಸವಳು ನೀರು ತುಂಬಲಿಕ್ಕೆ ಯಾರಿಗೂ ಮನಸ್ಸಿರಲಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ, ಬರಬೇಡ ಅಂತಲೂ ಅಂದಿರಲಿಲ್ಲ. ಹಬ್ಬಕ್ಕೆ ಊರಿನ ಬಸ್ಸು ಹತ್ತಬೇಕಾದವಳು ಕೊಡ ಎತ್ತಿಕೊಂಡು ಹಿಂದೆ ಹೊರಟೆ.

ಅಲ್ಲಿ ದಂಡೆಯ ಮೇಲೆ ಒಬ್ಬ ಮುದುಕಿ ಕಾವಲು ಕೂತಿದ್ದಳು. ಗೌರವ್ವ ಚಪ್ಪಲಿ ಬಿಟ್ಟು, ಊರಿನ ಹೆಸರು ಹೇಳಿ, ಕೈಮುಗಿದು ನಿಂತಳು.

"ಕೇಳೇನವ್ವಾ ನಿಮ್ಮೂರಿನ ಸುದ್ದಿ," ಅಂದಳು ಮುದುಕಿ. "ಹಬ್ಬದ ದಿನಾ ನೀರಿಗೆ ಬಂದಾಕಿನ್ನ ಹೊಳ್ಳಿ ಕಳಸೂದಿಲ್ಲ. ತುಂಬಕೋರಿ." ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಚಷ್ಮಾದ ಮೇಲೆ ಕಣ್ಣು ನಿಲ್ಲಿಸಿದಳು. "ಇವರು ಯಾರು? ಅರ್ಜಿ ಬರದ ಅಕ್ಕೋರ ಅಲ್ಲೇನು?"

ಶಾಂತವ್ವನಂಥ ಶಾಂತವ್ವನೂ ನೆಲ ನೋಡಿದಳು.

"ಉಳದವ್ರು ಇಳೀರಿ. ಇವರು ಇಲ್ಲೇ ಇರಲಿ. ನಮ್ಮ ಜಾಗಾ ಇವರು ನೋಡೂದು ಬ್ಯಾಡ."

ನಾನು ಗೌರವ್ವನ ಕಡೆ ನೋಡಿದೆ. ಅಕಿ ನಮ್ಮಾಕಿ, ಬರಲಿ ಬಿಡವ್ವಾ, ಅಂತ ಒಂದು ಮಾತು ಅಂದಾಳೇನೋ ಅಂತ. ಅವಳು ನನ್ನ ಹತ್ತಿರ ಬಂದು, ನನ್ನ ಟೊಂಕದ ಮೇಲಿನ ಕೊಡ ತಾನು ತೆಗೆದುಕೊಂಡಳು. ಸಿಟ್ಟೇನೂ ಇರಲಿಲ್ಲ ಮುಖದ ಮೇಲೆ.

"ಬಿಸಲಾಗ ನಿಂದರಬ್ಯಾಡ್ರಿ ಅಕ್ಕೋರ," ಅಂದಳು. "ಆ ಕಂಟಿ ನೆರಳಿಗೆ ಹೋಗ್ರಿ. ಹೊಲದ ಕಡೆ ಮುಖಾ ಮಾಡಿ ಕುಂದರ್ರಿ."

ಹೋಗಿ ಕೂತೆ. ಎದುರಿಗೆ ಕಡಲೆ ಬಿತ್ತಿದ ಕರೀ ಹೊಲ. ಬೆನ್ನ ಹಿಂದೆ ಪರಟೆ ಉಸುಕಿಗೆ ತಾಗುವ ಕರಕರ ಸಪ್ಪಳ, ಕೊಡದೊಳಗೆ ನೀರು ಬೀಳುವ ಸಪ್ಪಳ, ನಡುವೆ ಯಾರೋ ಏನೋ ಅಂದು ಎಲ್ಲರೂ ನಕ್ಕದ್ದು. ಬಹಳ ದಿನದ ಮೇಲೆ ಗೌರವ್ವನ ನಗು ಕೇಳಿದೆ. ನನ್ನ ಕೊಡವನ್ನು ಅವಳೇ ತುಂಬಿ, ತಾನೇ ದಂಡೆ ಹತ್ತಿಸಿ ತಂದು ಕೊಟ್ಟಳು.

ಮುಂದೆ ಬೇಸಿಗೆಯಲ್ಲಿ ನನಗೆ ವರ್ಗವಾಗುವ ತನಕ ವಾರಕ್ಕೆ ಎರಡು ಸಲ ಅವರ ಜೊತೆ ಹೋದೆ. ಪ್ರತಿ ಸಲವೂ ಅದೇ ಕಂಟಿಯ ನೆರಳಿನಲ್ಲಿ ಕೂತೆ. ಆ ಊರಿನ ಹೊಲಗಳಲ್ಲಿ ಯಾವ ಬೆಳೆ ಎಂದು ಎದ್ದಿತು, ಎಂದು ಕೊಯ್ಲಾಯಿತು ಎಲ್ಲ ನನಗೆ ಗೊತ್ತು. ವರ್ತಿ ಎಲ್ಲಿತ್ತು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಒಂದು ಸಲವೂ ತಿರುಗಿ ನೋಡಲಿಲ್ಲ.